ಅದರ ನೀರಿಗೆ ಅದು

ನಮ್ಮ ಅವ್ವ ಲಕ್ಷ್ಮೀಬಾಯಿ ನೀರು ಸೋಸುವುದನ್ನು ನಮ್ಮೂರು ದಡ್ಡಿಯ ಓಣಿಯವರು ನಿಂತು ನೋಡುತ್ತಿದ್ದರು. ಕೊಡದ ಬಾಯಿಗೆ ಇಮ್ಮಡಿ ಅರಿವೆ ಕಟ್ಟಿ ಸೋಸುವಳು. ಆಮೇಲೆ ಅರಿವೆಗೆ ಕಣ್ಣಿಗೆ ಕಾಣದ ಜೀವಗಳು ಅಂಟಿರುತ್ತವೆಂದು ಅದನ್ನು ತೊಳೆದ ನೀರನ್ನು ಮತ್ತೆ ಅದೇ ಬಾವಿಗೆ ಮುಟ್ಟಿಸುವಳು. ಮೇಲಿಂದ ಸುರಿಯುತ್ತಿರಲಿಲ್ಲ, ಪೆಟ್ಟಾದೀತೆಂದು ತಂಬಿಗೆಗೆ ಹಗ್ಗ ಕಟ್ಟಿ ಮೆಲ್ಲಗೆ ಇಳಿಸುತ್ತಿದ್ದಳು. ಬಾವಿಯ ಜೀವ ಬಾವಿಗೆ, ಹೊಳೆಯ ಜೀವ ಹೊಳೆಗೆ. ನಮ್ಮ ಜೈನರ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಅಡುಗೆಗಿಂತ ಮೊದಲು ಕಲಿಸುವುದು ಇದನ್ನೇ.

ವೈನಿ ತಾರಾಬಾಯಿ, ನಮ್ಮಣ್ಣ ಭರತೇಶನ ಹೆಂಡತಿ, ಬಂದದ್ದು ಘಟ್ಟದ ಕೆಳಗೆ ಪಡುವಣ ಸಮುದ್ರದ ದಂಡೆಯಲ್ಲಿರುವ ವೆಂಗುರ್ಲೆಯಿಂದ. ಅವಳ ಅಪ್ಪ ಅಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ. ಸಮುದ್ರ ಇಳಿದಾಗ ಬಂಡೆಯ ತಗ್ಗುಗಳಲ್ಲಿ ನೀರು ನಿಲ್ಲುತ್ತದಂತೆ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತೇ ಬೆಳೆದವಳು ಅವಳು. ಬಾಚದ ಕೂದಲಿನಂಥ ಹಸಿರು ಪಾಚಿ, ಬಂಡೆಯ ಮೇಲೆ ಗೆರೆ ಎಳೆಯುತ್ತ ಹೋಗುವ ಶಂಖದ ಹುಳು, ಸತ್ತ ಶಂಖದೊಳಗೆ ಹೊಕ್ಕು ಸಂಸಾರ ಹೂಡುವ ಏಡಿ, ಎಲ್ಲವನ್ನೂ ನನಗೆ ಬಾಯಿಪಾಠ ಮಾಡಿಸಿದ್ದಳು.

“ಆ ಏಡಿ ಸೊಸಿ ಇದ್ದಂಗ ನೋಡ, ವಂದನಾ. ಮಂದಿ ಮನ್ಯಾಗ ಹೊಕ್ಕು ನಂದು ಅಂತೈತಿ,” ಎಂದು ಅವ್ವನ ಎದುರಿಗೇ ಚೇಷ್ಟೆ ಮಾಡುತ್ತಿದ್ದಳು. ಅವ್ವನೂ ನಗುತ್ತಿದ್ದಳು.

ಎಲ್ಲಕ್ಕಿಂತ ಅವಳಿಗೆ ಹುಚ್ಚು ಸಮುದ್ರದ ಹೂವಿನದು. ಹೆಸರಿಗೆ ಹೂವು, ಕಲ್ಲಿಗೆ ಅಂಟಿ ಬದುಕುವ ಪ್ರಾಣಿ ಅದು. ನೀರು ಇಳಿದರೆ ಮುದ್ದೆಯಾಗಿ ಮುದುಡುತ್ತದೆ, ನೀರು ಬಂದರೆ ಎಸಳು ಬಿಚ್ಚುತ್ತದೆ. ಜೋರು ಮಳೆ ಬಿದ್ದು ತಗ್ಗಿನ ನೀರು ಸಪ್ಪಗಾದರೆ ಸಾಯುತ್ತದೆ ಎಂದೂ ಹೇಳಿದ್ದಳು.

ಮೂವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ವೈನಿಯ ಕೆಮ್ಮಿನಲ್ಲಿ ರಕ್ತ ಬಂತು. ಕ್ಷಯ, ಘಟ್ಟ ಇಳಿಸಿದರೆ ದಾರಿಯಲ್ಲೇ ಹೋಗುತ್ತಾಳೆ ಎಂದರು ಡಾಕ್ಟರು. ತವರಿಗೆ ಹೋಗುವ ಆಸೆಯನ್ನು ಅವಳು ಬಿಟ್ಟಳು.

“ಆ ಹೂವು ಅರಳೂದು ಒಮ್ಮಿ ನೋಡಬೇಕ್ರಿ. ಮತ್ತೇನೂ ಬ್ಯಾಡ,” ಎಂದಳು ಅಣ್ಣನಿಗೆ.

ಅಣ್ಣ ಸಾಲಿ ಮಾಸ್ತರ. ಮಕ್ಕಳ ಮುಂದೆ ಬಿಟ್ಟರೆ ಬೇರೆಲ್ಲೂ ಬಾಯಿ ಬಿಡದವನು. ಯಾರಿಗೂ ಹೇಳದೆ ಮೋಟಾರು ಹತ್ತಿ ಹೋದವನು, ಗಾಜಿನ ಬರಣಿಯೊಂದನ್ನು ಎದೆಗವಚಿಕೊಂಡು ಬಂದ. ಘಟ್ಟದ ತಿರುವುಗಳಲ್ಲಿ ನೀರು ತುಳುಕಿ ಅಂಗಿಯ ಮೇಲೆ ಉಪ್ಪು ಬೆಳ್ಳಗೆ ಒಣಗಿತ್ತು. ಬರಣಿಯೊಳಗೆ ಅಂಗೈಯಗಲ ಕಲ್ಲು, ಒಂದಿಷ್ಟು ಪಾಚಿ, ಒಂದು ಕೆಂಪು ಮುದ್ದೆ.

“ಜೀವ ಐತ್ರಿ. ದಣಿದೈತಿ. ಸಂಜಿಕ ಅರಳತೈತಿ, ನನ್ನ ಎಬ್ಬಸ್ರಿ,” ಎಂದು ವೈನಿ ಮಲಗಿದಳು. ಅಣ್ಣನೂ ಪಡಸಾಲೆಯಲ್ಲಿ ಒರಗಿದ. ನಾನು ಹೊಲಕ್ಕೆ ಬುತ್ತಿ ಒಯ್ದೆ.

ಅವ್ವ ಬರಣಿಯ ಮುಂದೆ ಒಬ್ಬಳೇ ಕೂತಳು. ನೀರು ನಾರುತ್ತಿತ್ತು, ಪ್ರಾಣಿ ಮುದುಡಿತ್ತು. ಹಾಸಿಗೆ ಹಿಡಿದ ಸೊಸೆಗೆ ಒಂದು ಜೀವದ ಪಾಪ ಅಂಟುವುದನ್ನು ನೋಡುತ್ತ ಕೂರಲು ಅವಳಿಂದ ಆಗಲಿಲ್ಲ. ಬಾವಿಗೆ ಬಿಡುವಂತಿಲ್ಲ, ಅದು ಅದರ ನೀರಲ್ಲ. ಸಮುದ್ರ ದೂರ. ಆದರೆ ಹೊಳೆ ಹೋಗುವುದು ಸಮುದ್ರಕ್ಕೇ ಅಲ್ಲವೇ? ಉರಿಬಿಸಿಲಲ್ಲಿ ಬರಿಗಾಲಲ್ಲಿ ಘಟಪ್ರಭೆಗೆ ನಡೆದು, ಬಂಡೆಗಳ ನಡುವಿನ ತಂಪು ಮಡುವಿನಲ್ಲಿ ಕಲ್ಲು ಸಮೇತ ಅದನ್ನು ಮೆಲ್ಲಗೆ ಇಳಿಸಿ ಬಂದಳು.

ಸಂಜೆ ವೈನಿ ಎದ್ದು ಬರಣಿ ಕೇಳಿದಳು.

“ಅದರ ನೀರಿಗೆ ಅದನ್ನ ಬಿಟ್ಟು ಬಂದ್ನಿ, ನನ್ನವ್ವ. ನಿನ್ನ ಹೆಸರ್ಲೇ ಬಿಟ್ಟೇನಿ. ಆ ಪುಣ್ಯೇಕ ನಿನಗ ಆರಾಮ ಆಕ್ಕೈತಿ,” ಎಂದಳು ಅವ್ವ.

ಅಣ್ಣ ಬಾಯಿ ತೆರೆದ. ವೈನಿ ಅವನ ಮುಂಗೈ ಹಿಡಿದುಕೊಂಡಳು. ಅವ್ವನ ಮುಖದಲ್ಲಿ ನೆಮ್ಮದಿಯಿತ್ತು. ಸಿಟ್ಟು ಮಾಡಲಿಕ್ಕೂ ಜಾಗವಿಲ್ಲದಷ್ಟು ಒಳ್ಳೆಯವಳು ಅವಳು, ಅದೇ ನನ್ನ ಸಂಕಟ.

“ಛಲೋ ಮಾಡಿದ್ರಿ, ಅತ್ತಿ. ಈಗ ಅರಳಿರತೈತಿ,” ಎಂದು ವೈನಿ ಗೋಡೆಯ ಕಡೆ ಹೊರಳಿದಳು.

ಮತ್ತೊಮ್ಮೆ ಹೋಗಬೇಕೆಂದು ಅಣ್ಣ ಬರಣಿ ತೊಳೆದಿಟ್ಟ. ಹೋಗಲು ಆಗಲಿಲ್ಲ. ಮಳೆಗಾಲ ಹಿಡಿಯುವ ಮೊದಲೇ ವೈನಿ ತೀರಿಕೊಂಡಳು.

ಬೂದಿ ಬಿಡಲು ಹೊರಟಾಗ ಅವ್ವ ತಾನೇ ಮುಂದೆ ನಡೆದು ಆ ಮಡು ತೋರಿಸಿದಳು. ತಿಳಿನೀರಿನ ತಳದಲ್ಲಿ ಅಂಗೈಯಗಲದ ಕಲ್ಲು ಬರಿದಾಗಿ ಬಿದ್ದಿತ್ತು.

“ನೋಡ್ರಿ, ಅದು ಹೋಗೇ ಬಿಟ್ಟೈತಿ. ಇಲ್ಲೇ ಬಿಡೋ, ಭರತೇಶಾ. ಅಕಿನೂ ತನ್ನ ನೀರಿಗೆ ಹೋಗ್ಲಿ,” ಎಂದಳು. ಮತ್ತೆ ಏನೋ ಅನುಮಾನ ಬಂದವಳಂತೆ, “ಈ ನೀರು ವೆಂಗುರ್ಲಾಕ ಮುಟ್ಟತೈತಲ್ಲ?” ಎಂದು ಕೇಳಿದಳು.

ಘಟಪ್ರಭೆ ಮೂಡಲಿಗೆ ಹರಿಯುವ ಹೊಳೆ. ಗೋಕಾಕದ ಜಲಪಾತದಲ್ಲಿ ಧುಮುಕಿ, ಕೃಷ್ಣೆಯನ್ನು ಸೇರಿ, ವೆಂಗುರ್ಲೆಗೆ ಬೆನ್ನು ಹಾಕಿ ಬೇರೆಯೇ ಸಮುದ್ರಕ್ಕೆ ಹೋಗುತ್ತದೆ. ಸಾಲಿಯಲ್ಲಿ ನಕಾಶೆಯ ಮೇಲೆ ಕೋಲಿಟ್ಟು ಅಣ್ಣ ವರ್ಷವೂ ಮಕ್ಕಳಿಗೆ ಅದನ್ನೇ ಕಲಿಸುತ್ತಿದ್ದ.

ಅವನು ಸೊಂಟಮಟ್ಟ ನೀರಿಗಿಳಿದ. ಬೂದಿಯನ್ನು ಮೇಲಿಂದ ಸುರಿಯದೆ, ಗಡಿಗೆಯ ಬಾಯನ್ನು ನೀರಿಗೆ ತಾಗಿಸಿ ಅವ್ವನ ಹಾಗೆಯೇ ಮೆಲ್ಲಗೆ ಇಳಿಸಿದ.

“ಮುಟ್ಟತೈತಿ, ಅವ್ವಾ,” ಎಂದ.