ಅಂಗೈ ಕೆಳಗಿನ ಹಾಡು

ಬೆರಳುಗಳ ಸಂದಿಯಲ್ಲಿ ಹಸಿರು ಬೆಳಕು, ದರ್ಜಿಗೆ ಕಾಣುತ್ತಿರುವುದು ಅಷ್ಟೇ, ಹೆಂಡತಿ ರೇಡಿಯೊದ ಗಾಜನ್ನು ಅಂಗೈಯಿಂದ ಮುಚ್ಚಿ ಹೇಳಿ ನೋಡೋಣ, ಇದು ಯಾವ ಹಾಡು ಅನ್ನುತ್ತಿದ್ದಾಳೆ, ದಿನದ ಆಟ ಇದು, ಹಾಡಿನ ಹೆಸರನ್ನು ಗಾಜಿನ ಮೇಲೆ ತಾನೇ ಬರೆದು ಹರಿಸುವ ಈ ರೇಡಿಯೊ ಮಗಳು ತಂದುಕೊಟ್ಟಾಗಿನಿಂದ ಶುರುವಾದದ್ದು, ಗಾಜಿಗಿಂತ ಮೊದಲು ಇವನು ಹೇಳಬೇಕು, ಹೇಳುತ್ತಲೂ ಇದ್ದ, ಹಾಡು ಬಾಯಿ ಬಿಡುವ ಮೊದಲೇ ಹೇಳಿಬಿಡುತ್ತಿದ್ದ — ಈಗ ಬರೀ ಕೊಳಲು, ಮಾತಿಲ್ಲ, ಆದರೂ ಗೊತ್ತು, ಮೈಗೆಲ್ಲ ಗೊತ್ತು, ಕಾಲು ತಾನಾಗಿ ಮಿಷನ್ನಿನ ಪೆಡಲು ತೂಗುತ್ತಿದೆ, ಹೆಸರು ಮಾತ್ರ ಬರುತ್ತಿಲ್ಲ, ನಾಲಿಗೆ ತುದಿಯಲ್ಲೂ ಇಲ್ಲ, ಅಲ್ಲಿ ಏನೂ ಇಲ್ಲ, ಏನು ದರ್ಜಿಗಳೇ, ದಾರ ಸೂಜಿಗೆ ಏರಲಿಲ್ವಾ, ತಾಳೇ, ಅವಸರ ಮಾಡಬೇಡ, ನಗಬೇಕು, ನಕ್ಕ, ಅಣ್ಣನಿಗೂ ಹೀಗೇ ಅಲ್ಲವೇ ಶುರುವಾಗಿದ್ದು, ಇದೇ ಮೇಜು, ಅದು ಕೊಡೋ ತಮ್ಮಾ, ಅದೇ ಕಣೋ, ಬಟ್ಟೆ ಮೇಲೆ ಗೀಟು ಹಾಕ್ತೀವಲ್ಲ ಅದು, ಸೀಮೆಸುಣ್ಣ ಎದುರಿಗೇ ಬಿದ್ದಿತ್ತು, ಇವನು ನಕ್ಕಿದ್ದ, ಅತ್ತಿಗೆಯೂ ನಕ್ಕಿದ್ದಳು, ಆಮೇಲೊಂದು ಬೆಳಿಗ್ಗೆ ನೀರು ತಂದ ಅತ್ತಿಗೆಯನ್ನು ನೋಡಿ ಅಣ್ಣ ಎದ್ದು ನಿಂತ, ಬನ್ನಿ ಅಮ್ಮಾ, ಅಳತೆ ಕೊಡೋಕೆ ಬಂದ್ರಾ, ಆ ಮರ್ಯಾದೆ, ಆ ಮರ್ಯಾದೆಗೇ ಅತ್ತಿಗೆ ಕುಸಿದು ಕೂತಳು — ಇಲ್ಲ, ತನಗೆ ಹಾಗಲ್ಲ, ನಿದ್ದೆ ಕಮ್ಮಿ ಅಷ್ಟೇ, ಇವಳ ಹೆಸರು ಗೊತ್ತು, ಮಗಳ ಹೆಸರು ಗೊತ್ತು, ಮನಸ್ಸಿನಲ್ಲೇ ಹೇಳಿಕೊಂಡ, ಇನ್ನೊಮ್ಮೆ ಹೇಳಿಕೊಂಡ, ಏನ್ರೀ, ಸೋಲೊಪ್ಪಿಕೊಂಡ್ರಾ, ಯಾರು, ನಾನಾ, ಬಾಯಿಗೆ ಬಂದದ್ದು ಅಂದುಬಿಟ್ಟ, ದೋಣಿ ಹಾಡು ಕಣೇ. ಅವಳು ಅಂಗೈ ಓರೆ ಮಾಡಿ ಬಗ್ಗಿ ನೋಡಿದಳು, ಅಂಗೈಯನ್ನು ಮತ್ತೆ ಗಾಜಿಗೆ ಒತ್ತಿದಳು, ಸರಿಯಾಗೇ ಹೇಳಿದ್ರಿ, ನಿಮ್ಮನ್ನ ಸೋಲಿಸೋರು ಯಾರು ಅಂದಳು, ಅಬ್ಬ, ಹೋದ ಜೀವ ಬಂತು — ಆದರೆ ಅಕ್ಷರಗಳು ನಿಲ್ಲುವುದಿಲ್ಲವಲ್ಲ, ಹರಿಯುತ್ತವೆ, ಅವಳ ಕಿರುಬೆರಳಿನಾಚೆ ಒಂದೊಂದಾಗಿ ಜಾರಿ ಬರುತ್ತಿವೆ, ಎರಡನೇ ಕ್ಲಾಸಿಗೆ ನಿಂತ ಓದು ಇವನದು, ಕೂಡಿಸಿ ಕೂಡಿಸಿ ಓದಿದ, ತೊ, ಟ್ಟಿ, ಲು, ತೊಟ್ಟಿಲು, ದೋಣಿಯಲ್ಲ, ಮಗಳನ್ನು ತೂಗುತ್ತ ತಾನೇ ಗುನುಗುತ್ತಿದ್ದದ್ದು, ಕಾಲಿಗೆ ನೆನಪಿತ್ತು, ಸರಿ ಅಂದಳಲ್ಲ ಇವಳು, ಯಾಕೆ ಅಂದಳು, ನಿನ್ನೆಯೂ ಸರಿ ಅಂದಿದ್ದಳು, ಮೊನ್ನೆಯೂ, ಯಾವತ್ತು ಕೇಳಿದರೂ ಸರಿ, ಯಾವತ್ತಿನಿಂದ — ಅವಳ ಬಾಯಿ ನಗುತ್ತಿದೆ, ಕಣ್ಣು ನಗುತ್ತಿಲ್ಲ, ಅಂಗೈ ಇನ್ನೂ ತೆಗೆದಿಲ್ಲ, ಗಾಜನ್ನು ಒತ್ತಿ ಹಿಡಿದಿದ್ದಾಳೆ, ಬೆರಳುಗಳ ಸಂದಿಯಲ್ಲಿ ಹಸಿರು ಬೆಳಕು