ಮುರಿದ ತುಂಡುಗಳ ಸಂಜೆ

ಲೋಹತಜ್ಞರ ಸಂಘದ ನಮ್ಮ ಶಾಖೆಗೆ ಇದ್ದದ್ದು ಒಂದೇ ಕೋಣೆ, ಒಂದು ಸೂಕ್ಷ್ಮದರ್ಶಕ, ಕಾಲು ಅಲುಗುವ ಒಂದು ಉದ್ದನೆಯ ಮೇಜು. ನಾನು ಅಧ್ಯಕ್ಷ, ಕಾರ್ಯದರ್ಶಿ ನನ್ನ ಸೊಸೆ. ಸದಸ್ಯರು ಕಡಿಮೆಯೆಂದು ನಮ್ಮನ್ನು ದೊಡ್ಡ ನಗರದ ಶಾಖೆಯಲ್ಲಿ ವಿಲೀನಗೊಳಿಸುವ ಯೋಚನೆ ಕೇಂದ್ರ ಮಂಡಳಿಗಿತ್ತು. ಅದನ್ನು ತೀರ್ಮಾನಿಸಲು ಆ ಸಂಜೆ ಮಂಡಳಿಯ ವೀಕ್ಷಕರೊಬ್ಬರು, ಆ ದೊಡ್ಡ ಶಾಖೆಯವರೇ, ಬಂದು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದರು.

“ಮಾವ, ಇವತ್ತಾದ್ರೂ ಒಂದು ಭಾಷಣ ಇಡೋಣ ಅಂದೆ. ನೀವು ನೋಡಿದ್ರೆ ಅದೇ ಹಳೇ ಕಬ್ಬಿಣದ ಸಂತೆ!” ಸೊಸೆ ಪಿಸುಗುಟ್ಟಿದಳು.

“ಮನೇಲಿ ಮಾವ. ಇಲ್ಲಿ ಅಧ್ಯಕ್ಷರೇ ಅನ್ನು.”

“ಶಾಖೆ ಉಳಿದ್ರೆ ಅಂತೀನಿ.”

ತಿಂಗಳಿಗೊಮ್ಮೆ ಸದಸ್ಯರು ತಮ್ಮಲ್ಲಿ ಮುರಿದ ಭಾಗವೊಂದನ್ನು ತಂದು ಮೇಜಿನ ಮೇಲಿಡುವುದು, ಉಳಿದವರು ಕಾರಣ ಹುಡುಕುವುದು ನಮ್ಮ ರೂಢಿ. ಅಂದು ಪಂಪು ತಯಾರಕನೊಬ್ಬ ಪಂಪಿನ ಚಕ್ರ ತಿರುಗಿಸುವ, ತುಂಡಾದ ದಂಡವನ್ನು ತಂದ. ಹೇಗಿತ್ತೆಂದು ತೋರಿಸಲು ಎರಡು ತುಂಡುಗಳನ್ನೂ ಒತ್ತಿ ಜೋಡಿಸಿಬಿಟ್ಟ.

“ಅಯ್ಯೋ ಪುಣ್ಯಾತ್ಮ, ಬಿಡು!” ಇಡೀ ಕೋಣೆ ಕೂಗಿತು. ಮುರಿದ ಮುಖಗಳು ಒಂದನ್ನೊಂದು ಉಜ್ಜಿದರೆ, ತಾನು ಸತ್ತ ಬಗೆಯನ್ನು ಲೋಹ ಬರೆದಿಟ್ಟ ಸಾಲುಗಳೇ ಅಳಿಸಿಹೋಗುತ್ತವೆ.

“ಮನೇಲೂ ಹೀಗೇ ಉಜ್ಜಿ ಉಜ್ಜಿ ನೋಡಿದ್ದೀಯ ಅಂತ ಕಾಣತ್ತೆ. ಮುಖ ನೋಡ್ಕೋಬಹುದು ಇದರಲ್ಲಿ!” ಎಂದು ಛೇಡಿಸಿದವನು ಅವನ ಕಡುಸ್ಪರ್ಧಿ, ಪಕ್ಕದ ಬೀದಿಯ ಪಂಪಿನವನು. ಛೇಡಿಸುತ್ತಲೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ತಗ್ಗಿನಲ್ಲಿದ್ದ ಒಂದಿಷ್ಟು ಜಾಗ ಮಾತ್ರ ಉಜ್ಜದೆ ಉಳಿದಿತ್ತು. ಅಲ್ಲಿ ತೆರೆ ಹಿಂದೆಗೆದ ಮರಳಿನಂಥ ಗೆರೆಗಳು, ಬಿರುಕು ಸ್ವಲ್ಪಸ್ವಲ್ಪವಾಗಿ ಬೆಳೆದ ಗುರುತು.

ಅವನಿಗೆ ಕಾರಣ ತಿಳಿದುಹೋಯಿತು. ಬಾಯಿ ಮುಚ್ಚಿಕೊಂಡಿದ್ದರೆ ಗಿರಾಕಿಗಳೆಲ್ಲ ಅವನ ಬಾಗಿಲಿಗೇ ಬರುತ್ತಿದ್ದರು.

“ದಂಡಕ್ಕೆ ಚಕ್ರ ಬಿಗಿಯೋ ಕೀ ಕೂರೋ ತೋಡಿನ ಮೂಲೆ ಚೂಪಾಗಿದೆ ಕಣಯ್ಯಾ,” ಎಂದ ಕೊನೆಗೆ. “ಬಿರುಕು ಹುಟ್ಟಿದ್ದು ಅಲ್ಲೇ. ಮೂಲೆ ದುಂಡಗೆ ಮಾಡು. ನಮ್ಮಲ್ಲೂ ಹೀಗೇ ಪಟಪಟ ಮುರೀತಿದ್ವು, ಯಾರಿಗೂ ಹೇಳಿರಲಿಲ್ಲ.”

ಪಂಪು ತಯಾರಕ ಸ್ಪರ್ಧಿಯ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡ.

ಮೂಲೆಯ ಕುರ್ಚಿ ಕಿರುಗುಟ್ಟಿತು. ವೀಕ್ಷಕರು ಎದ್ದು ಬಂದು ತಾವೂ ಇಣುಕಿದರು, ಬಹಳ ಹೊತ್ತು. ಆಮೇಲೆ ಚೀಲದಿಂದ ಬಟ್ಟೆ ಸುತ್ತಿದ ಗಂಟೊಂದನ್ನು ತೆಗೆದು ಬಿಚ್ಚಿದರು: ಹಲ್ಲು ಮುರಿದ ಗಿಯರು.

“ನಮ್ಮ ದೊಡ್ಡ ಶಾಖೇಲಿ ಭಾಷಣ ಇದೆ, ಬಹುಮಾನ ಇದೆ. ಇದನ್ನ ಯಾರ ಮುಂದೆ ಬಿಚ್ಚೋದು ಅಂತ ತಿಳೀದೆ ಹೊತ್ಕೊಂಡು ತಿರುಗ್ತಿದ್ದೆ. ವಿಲೀನದ ಮಾತು ಬಿಡಿ. ಈ ಶಾಖೆ ಇರತ್ತೆ, ಇಲ್ಲೇ ಇರತ್ತೆ. ಮಂಡಳಿಗೆ ನಾನು ಹೇಳ್ತೀನಿ.”

ಸೊಸೆ ನನ್ನ ತೋಳನ್ನು ಉಗುರು ನಾಟುವಂತೆ ಅಮುಕಿದಳು. ಅಷ್ಟರಲ್ಲಿ ಎಲ್ಲರೂ ಗಿಯರಿನ ಸುತ್ತ ಮುಗಿಬಿದ್ದಿದ್ದರು.

“ಸಾರ್, ಸ್ವಲ್ಪ ಸರೀರಿ, ಬೆಳಕಿಗೆ ಅಡ್ಡ ನಿಂತಿದ್ದೀರಿ,” ಎಂದು ಯಾರೋ ಗದರಿದರು.

ಕೇಂದ್ರ ಮಂಡಳಿಯ ವೀಕ್ಷಕರು ನಗುತ್ತ ಪಕ್ಕಕ್ಕೆ ಸರಿದು ನಿಂತರು.