ತೊಳೆದ ತೊಗರಿ

ಹಣಮಮ್ಮನ ಮನೆಯಲ್ಲಿ ಹೀರೇಕಾಯಿ ಸಿಪ್ಪೆ ಕೂಡ ಹೊರಗೆ ಬೀಳುತ್ತಿರಲಿಲ್ಲ. ಎಳ್ಳಿನ ಜೊತೆ ಒರಳಿಗೆ ಹೋಗಿ ಚಟ್ನಿಯಾಗುತ್ತಿತ್ತು. ಅಕ್ಕಿ ತೊಳೆದ ನೀರು ಎಮ್ಮೆಗೆ, ನಿನ್ನೆಯ ರೊಟ್ಟಿ ಇಂದಿನ ಒಗ್ಗರಣೆಗೆ. ಮೈಲಾರಲಿಂಗನ ಹರಕೆಗೆಂದು ಆ ಮನೆಯವರು ಮಾಂಸ ಬಿಟ್ಟು ಒಂದು ತಲೆಮಾರಾಗಿತ್ತು. "ಬ್ಯಾಳಿನೇ ನಮ್ಮ ಕಸುವು," ಎನ್ನುತ್ತಿದ್ದಳು ಹಣಮಮ್ಮ. ಹೊಲದಲ್ಲಿ ಬೆಳೆದ ತೊಗರಿಯೇ ಮುಂದಿನ ಬೆಳೆ ಬರುವ ತನಕ ಒಲೆಯ ಮೇಲೆ ಬೇಯಬೇಕು.

ಹೊಸ ಸೊಸೆ ಅಖಿಲಾಳ ತವರು ದಾಮರಗಿದ್ದ ಎಂಬ ಊರು. ಆದರೆ ಅವಳು ಬೆಳೆದದ್ದೆಲ್ಲ ಹೈದರಾಬಾದಿನಲ್ಲಿ, ಏಳುತ್ತಿದ್ದ ಕಟ್ಟಡಗಳ ಬುಡದ ತಗಡಿನ ಗುಡಿಸಲುಗಳಲ್ಲಿ. ಬೇಳೆ ಎಂದರೆ ಅವಳಿಗೆ ಅಂಗಡಿಯ ಪೊಟ್ಟಣ. ಈ ಮನೆಗೆ ಬಂದ ಮೇಲೆ ಅವಳಿಗೆ ಒಂದು ವಿಷಯ ಬಹಳ ಹಿಡಿಸಿತ್ತು: ಗೋಡೆಯ ಗೂಡಿನಲ್ಲಿಟ್ಟ ಬಾಚಣಿಗೆ ಮರುದಿನವೂ ಅಲ್ಲೇ ಇರುತ್ತಿತ್ತು.

ಯುಗಾದಿ ಮುಗಿದರೆ ಗಂಡ ಶೇಖರ್ ಮತ್ತೆ ಕಟ್ಟಡದ ಕೆಲಸಕ್ಕೆ ಹೊರಡುವವ. ಅಲ್ಲಿ ಸಿಮೆಂಟು ಹೊರಲೆಂದೇ ಹೊಸ ಕಬ್ಬಿಣದ ಬಾಂಡ್ಲಿ ತಂದು ಮೂಲೆಗಿಟ್ಟಿದ್ದ. ಅಖಿಲಾ ಅವನ ಜೊತೆ ಹೋಗಬೇಕೋ ಇಲ್ಲೇ ಇರಬೇಕೋ, ಅದು ಅತ್ತೆಯ ಮಾತಿನ ಮೇಲಿತ್ತು. "ಮನಿ ನಡಸಾಕ ಬಂದ್ರ ಇರ್ಲಿ. ಇಲ್ಲಾಂದ್ರ ನಿನ್ನ ಸಂಗಾಟ ಬಂದು ಮಣ್ಣು ಹೊರ್ಲಿ," ಎಂದು ಹಣಮಮ್ಮ ಮಗನಿಗೆ ಹೇಳಿದ್ದು ಅಖಿಲಾಳ ಕಿವಿಗೂ ಬಿದ್ದಿತ್ತು. ಅವಳಿಗೆ ಇಲ್ಲೇ ಇರುವ ಆಸೆ.

ಅಖಿಲಾ ತವರಿಗೆ ಹೋಗಿ ತಿರುಗಿ ಬಂದ ಬೆಳಿಗ್ಗೆಯೇ ಗದ್ವಾಲದಿಂದ ಫೋನ್ ಬಂತು. ಹಣಮಮ್ಮನ ತಂಗಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡಿದ್ದಳು. ಶೇಖರನ ಗಾಡಿಯ ಹಿಂದೆ ಕೂರುತ್ತ ಹಣಮಮ್ಮ, "ಪಡಸಾಲ್ಯಾಗ ತೊಗರಿ ಐತಿ, ಚೀಲ ತಗದು ಬಿಸಲಿಗೆ ಹಾಕು," ಎಂದಷ್ಟೇ ಹೇಳಿ ಹೋದಳು.

ಮೇಲೆ ಹೊದಿಸಿದ್ದ ಚೀಲ ಸರಿಸಿದರೆ ತೊಗರಿಯ ತುಂಬ ಒದ್ದೆ ಕೆಮ್ಮಣ್ಣು. ಮಾವ ಕಿಷ್ಟಪ್ಪ ಹೊಲದಿಂದ ಹಾಗೇ ತಂದು ಸುರಿದಿರಬೇಕು ಎಂದುಕೊಂಡಳು ಅಖಿಲಾ. ಅತ್ತೆ ಬರುವಷ್ಟರಲ್ಲಿ ಬಂಗಾರದ ಹಾಗೆ ಮಾಡಿಡಬೇಕು! ಕೊಡಗಟ್ಟಲೆ ನೀರು ಸೇದಿ, ಮೂರು ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದಳು.

ಪಕ್ಕದ ಮನೆಯ ಶಂಕ್ರಮ್ಮ ಹಣಿಕಿ ನೋಡಿದಳು. "ಯಾಕವ್ವಾ, ಅಂಗಳದಾಗ ಹೋಳಿ ಆಡಿದೇನ? ನೀರೆಲ್ಲಾ ಕೆಂಪಗ ಹರದೈತಿ."

"ತೊಗರಿಗೆ ಮಣ್ಣು ಹತ್ತಿತ್ತು ದೊಡ್ಡವ್ವಾ."

"ಅಯ್ಯೋ ನನ್ನವ್ವಾ! ಅದು ತಾನಾಗಿ ಹತ್ತಿದ್ದಲ್ಲ, ನಿಮ್ಮತ್ತಿ ನಿನ್ನಿ ನೆನಿಹಾಕಿ ಹಚ್ಚಿದ್ದು! ಮಣ್ಣು ಹಚ್ಚಿ ಒಣಗಿಸಿದ್ರ ಸಿಪ್ಪಿ ಸಡ್ಲಾಗತೈತಿ, ಹುಳ ಸನೇಕ ಬರಂಗಿಲ್ಲ."

ಅಖಿಲಾ ತಿರುಗಿ ನೋಡಿದಳು. ವರ್ಷದ ಬೇಳೆಯಲ್ಲಿ ಅರ್ಧ ಪಾಲು ಅಂಗಳದಲ್ಲಿ ನೀರು ಕುಡಿದು ಉಬ್ಬಿ ಬಿದ್ದಿತ್ತು. ಅಲ್ಲಲ್ಲಿ ಮೊಳಕೆಯ ಮೂತಿ. ಮೇಲೆ ಮೋಡ ಬೇರೆ.

"ಮತ್ತ ಮಣ್ಣು ಹಚ್ಚಿ ಸುಮ್ಮನಾಗು. ನಾ ಬಾಯಿ ಬಿಡಂಗಿಲ್ಲ," ಎಂದಳು ಶಂಕ್ರಮ್ಮ.

"ನೀ ಬಾಯಿ ಬಿಡಂಗಿಲ್ಲಾಂದ್ರ ಸೂರ್ಯಾ ಪಡುವಣಕ್ಕ ಹುಟ್ಟತಾನ," ಎಂದ, ಆಗಷ್ಟೇ ಹೊಲದಿಂದ ಬಂದ ಕಿಷ್ಟಪ್ಪ. ಕಾಳು ಹಿಚುಕಿ ನೋಡಿ ತಲೆಯಾಡಿಸಿದ. "ಬಿಸಲಿಲ್ಲ. ಈಗ ಮಣ್ಣು ಹಚ್ಚಿದ್ರ ಕೊಳೀತೈತಿ."

ಅಖಿಲಾಳ ಕಣ್ಣು ಮೂಲೆಯ ಬಾಂಡ್ಲಿಯ ಮೇಲೆ ಹೋಯಿತು. ಗುಡಿಸಲಿಗೆ ಮಳೆ ನುಗ್ಗಿ ಊರಿಂದ ತಂದ ಶೇಂಗಾ ನೆನೆದಾಗ, ಅವಳ ಅವ್ವ ಇಂಥದೇ ಬಾಂಡ್ಲಿಯಲ್ಲಿ ಉಸುಕು ಕಾಯಿಸಿ ಹುರಿದಿದ್ದಳು. ಒಂದು ಕಾಳೂ ಚೆಲ್ಲಿರಲಿಲ್ಲ.

"ಮಾವ, ಹಳ್ಳದಾಗ ಸಣ್ಣ ಉಸುಕು ಸಿಗತೈತೇನ್ರಿ?"

ಸೊಸೆ ತಾನಾಗಿ ಬಾಯಿ ಬಿಟ್ಟು ಕೇಳಿದ್ದು ಅದೇ ಮೊದಲು. ಕಿಷ್ಟಪ್ಪ ಪುಟ್ಟಿ ಎತ್ತಿಕೊಂಡು ಹಳ್ಳಕ್ಕೆ ಹೊರಟ.

ಅಂದು ಹೊತ್ತು ಮುಳುಗುವ ತನಕ, ಮತ್ತೆ ಮರುದಿನ ಬೆಳಗಿನಿಂದ, ಅಂಗಳದ ಒಲೆ ಉರಿಯಿತು. ಕಾದ ಉಸುಕಿನಲ್ಲಿ ತೊಗರಿ ಚಟಪಟ ಎನ್ನುತ್ತಿತ್ತು. ಹುರಿದದ್ದನ್ನು ಜರಡಿ ಹಿಡಿದು ಚಾಪೆಗೆ ಸುರಿಯುವುದು ಶಂಕ್ರಮ್ಮನ ಪಾಲಿಗೆ ಬಂತು. ಮೊಳಕೆ ಬಂದದ್ದನ್ನು ಬೇಯಿಸಿ ಉಸುಳಿ ಮಾಡಿದರು. ಆದರೂ ತಳದ್ದು ಒಂದಿಷ್ಟು ಹಳಸಿ ನಾರಿ, ಎಮ್ಮೆಯೂ ಮೂಸಿ ಬಿಟ್ಟಿತು. ಅದನ್ನು ತಿಪ್ಪೆಗೆ ಸುರಿಯುವಾಗ ಅಖಿಲಾಳಿಗೆ ಅಳು ಬಂತು.

ಹಣಮಮ್ಮ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. "ಮಣ್ಣು ನಾನೇ ತೊಳದ್ನಿರಿ ಅತ್ತೀ. ಗೊತ್ತಿರಲಿಲ್ರಿ," ಎಂದಳು ಅಖಿಲಾ. ಶಂಕ್ರಮ್ಮ ಹೇಳುವ ಮೊದಲೇ ತಾನೇ ಹೇಳಿಬಿಡಬೇಕು ಎಂದಿತ್ತು ಅವಳಿಗೆ.

"ನಾ ಏನು ಸತ್ತಿದ್ದೆನೇನ? ಒಂದು ಫೋನ್ ಹಚ್ಚಾಕ ಏನಾಗಿತ್ತು?"

"ಬೈತೀರಂತ..."

"ಈಗ ಬಯ್ಯಂಗಿಲ್ಲಂತ ತಿಳದೀ?"

ಹಣಮಮ್ಮ ಬೈದಳು, ಓಣಿಗೆಲ್ಲ ಕೇಳುವ ಹಾಗೆ. ಬೈದು ದಣಿದು ಕುಳಿತು ಒಂದು ಕಾಳು ಬಾಯಿಗೆ ಹಾಕಿಕೊಂಡಳು. ಅದು ಕಟುಮ್ ಎಂದಿತು. ಒಂದು ಹಿಡಿ ಕಲ್ಲಿಗೆ ಹಾಕಿ ಬೀಸಿ ನೋಡಿದಳು. ಸಿಪ್ಪೆ ತಾನೇ ಬಿಟ್ಟುಕೊಂಡಿತು. ಆ ಬೇಳೆಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಇಟ್ಟು ಕುಟ್ಟಿ, ಬಿಸಿ ರೊಟ್ಟಿಗೆ ಹಚ್ಚಿಕೊಂಡು ತಿಂದಳು. ಚೆನ್ನಾಗಿದೆ ಎನ್ನಲಿಲ್ಲ. ಇನ್ನೊಂದು ರೊಟ್ಟಿ ಕೇಳಿದಳು.

ಯುಗಾದಿ ಮುಗಿಯಿತು. ಹೊರಡುವ ದಿನ ಶೇಖರ್ ಚೀಲ ಕಟ್ಟುತ್ತ ಮೂಲೆಯೆಲ್ಲ ಹುಡುಕಿದ. "ಅವ್ವಾ, ನನ್ನ ಬಾಂಡ್ಲಿ ಎಲ್ಲೈತಿ?"

"ಅದು ಒಲಿ ಕಂಡೈತಿ, ಇನ್ನ ನಿನ್ನ ಸಿಮೆಂಟಿಗೆ ಬರಂಗಿಲ್ಲ. ಬ್ಯಾರೆ ಕೊಂಡ್ಕೋ," ಎಂದಳು ಹಣಮಮ್ಮ, ತೊಗರಿ ಕೇರುತ್ತ. "ಬಾಂಡ್ಲಿ ಇಲ್ಲೇ ಇರತೈತಿ. ಬಾಂಡ್ಲಿಯಾಕಿನೂ ಇಲ್ಲೇ ಇರತಾಳ."

ಶೇಖರ್ ಹೆಂಡತಿಯ ಕಡೆ ನೋಡಿದ. ಅಖಿಲಾ ಬೇಡಿದ್ದು ಸಿಕ್ಕಿತ್ತು, ಆದರೆ ತನ್ನ ಸೀರೆಗಳಿಲ್ಲದ ಅವನ ಚೀಲ ಇಷ್ಟು ಸಣ್ಣದಾಗಿ ಕಾಣುತ್ತದೆ ಎಂದು ಅವಳು ಎಣಿಸಿರಲಿಲ್ಲ.

"ನಿಂತೇನು ನೋಡ್ತೀ? ಉಳದ ತೊಗರಿಗೆ ಮಣ್ಣು ಹಚ್ಚೂದೈತಿ. ಈ ಸಲ ಕಣ್ಣಾರೆ ನೋಡಿ ಕಲಿ," ಎಂದಳು ಅತ್ತೆ.

ಅಖಿಲಾ ಮೊಣಕೈ ತನಕ ಕೆಮ್ಮಣ್ಣಿನಲ್ಲಿ ಕೈ ಹಾಕಿ ಕಲಸತೊಡಗಿದಳು. ಶೇಖರ್ ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟಿದ. ಸ್ವಲ್ಪ ಹೊತ್ತಿಗೆ ಊರ ಮುಂದೆ ಬಸ್ಸಿನ ಹಾರ್ನ್ ಕೇಳಿಸಿತು. ಅವಳ ಕೈ ನಿಂತಿತು.

ಹಣಮಮ್ಮ ತಲೆಯೆತ್ತದೆ ಹೇಳಿದಳು: "ಹೋಗು, ಕಳಿಸಿ ಬಾ."

ಅಖಿಲಾ ಧಡಕ್ಕನೆ ಎದ್ದು ನೀರಿನ ಕೊಡಕ್ಕೆ ಬಾಗಿದಳು.

"ಕೈ ತೊಳೀಬ್ಯಾಡ. ಮಣ್ಣು ಹಾಳಾಗತೈತಿ."

ಕೆಂಪು ಕೈಗಳನ್ನು ಸೀರೆಗೆ ತಾಗದಂತೆ ಎತ್ತಿ ಹಿಡಿದುಕೊಂಡೇ ಅಖಿಲಾ ಬಸ್ಸಿನ ಕಡೆ ಓಡಿದಳು.